ಗಾಳಿಯಂತ್ರವೂ ಕಾನೂನೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಗುಡ್ಡಗಳ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರಗಳನ್ನು ನಾವು ಕಂಡಿರುವೆವಷ್ಟೆ. ನೆತ್ತಿಯೇ ಏಕೆ? ಅಲ್ಲಿ ಗಾಳಿಯ ವೇಗ ಹೆಚ್ಚು. ವೇಗವು ಇಮ್ಮಡಿಯಾದರೆ ಸೆಕೆಂಡಿಗೆ ಹಾಯುವ ಗಾಳಿಯ ದ್ರವ್ಯರಾಶಿ ಇಮ್ಮಡಿಸುವುದು. ಪ್ರತಿ ಕಿಲೋಗ್ರಾಮಿನ ಚಲನಶಕ್ತಿ ನಾಲ್ಮಡಿಸುವುದು. ಆದುದರಿಂದ ಸಾಮರ್ಥ್ಯ ಎಂಟು ಮಡಿ!

ಈ ವಿದ್ಯುತ್ತಿಗೆ ಕಲ್ಲಿದ್ದಲನ್ನು ಸುಡಬೇಕಿಲ್ಲ. ಆದರೆ ಗಾಳಿ ಬೀಸಿದರೆ ಸಾಲದು, ಕೊಳ್ಳುವವರೂ ಬೇಕು. ಸರಬರಾಜು ಸಂಸ್ಥೆಗಳು ನವೀಕರಿಸಬಹುದಾದ ಮೂಲಗಳಿಂದ ಎಷ್ಟು ಪಾಲು ಕೊಳ್ಳಬೇಕೆಂದು ಗೊತ್ತುಮಾಡುವ ಹೊಣೆಯನ್ನು 2003ರ ವಿದ್ಯುಚ್ಛಕ್ತಿ ಅಧಿನಿಯಮದ 86ನೆಯ ಪ್ರಕರಣವು ರಾಜ್ಯ ಆಯೋಗಕ್ಕೆ ವಹಿಸಿದೆ.

ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿರುವ ಹಕ್ಕನ್ನು 2024ರಲ್ಲಿ ಸುಪ್ರೀಂ ಕೋರ್ಟು ಸಂವಿಧಾನದ 14 ಮತ್ತು 21ನೆಯ ಅನುಚ್ಛೇದಗಳಲ್ಲಿ ಗುರುತಿಸಿತು. ಆ ಮೊಕದ್ದಮೆ ಹುಟ್ಟಿದ್ದು ವಿದ್ಯುತ್ ತಂತಿಗೆ ಬಡಿದು ಸಾಯುತ್ತಿದ್ದ ಬಸ್ಟರ್ಡ್ ಹಕ್ಕಿಗಳಿಗಾಗಿ. ಶುದ್ಧ ಶಕ್ತಿಯನ್ನೂ ಹಕ್ಕಿಯ ಜೀವವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇ ಇಂದು ಕಾನೂನಿನ ಮುಂದಿರುವ ಕಠಿಣ ಲೆಕ್ಕ.