ಯಾವ ಬದನೆ ಎಂದು ಕೇಳಿ

ಓದು ಮುಗಿಸಿ, ಊರು ಬಿಟ್ಟು, ಬಾಡಿಗೆ ಮನೆಯಲ್ಲಿ ಮೊದಲ ಸಲ ಒಲೆ ಹಚ್ಚುತ್ತಿರುವ ಮಕ್ಕಳೇ, ನಿಮಗೊಂದು ಮಾತು. ತರಕಾರಿ ಕೊಳ್ಳುವಾಗ ‘ಅರ್ಧ ಕೆಜಿ ಬ್ರಿಂಜಾಲ್’ ಅಂದು ಸುಮ್ಮನಾಗಬೇಡಿ. ಯಾವ ಬದನೆ ಎಂದು ಕೇಳಿ. ಮೊಬೈಲಿನಲ್ಲೇ ಎಲ್ಲ ತರಿಸುವವರಾದರೂ ಆಗಾಗ ಸಂತೆಗೆ ಹೋಗಿ, ಮಾರುವವರ ಬಾಯಿಂದಲೇ ಅದರ ಹೆಸರು ಕೇಳಿಸಿಕೊಳ್ಳಿ.

ಬ್ರಿಂಜಾಲ್ ಎಂಬ ಪದದ ಮೇಲೆ ನನಗೆ ಸಿಟ್ಟಿಲ್ಲ. ಪಾರಸಿಕರಿಂದ ಅರಬ್ಬರಿಗೆ, ಅರಬ್ಬರಿಂದ ಪೋರ್ಚುಗೀಸರಿಗೆ, ಅವರಿಂದ ಇಂಗ್ಲಿಷಿಗೆ ದಾಟಿ ಬಂದ ಪದ ಅದು. ವಾಂಗಿಭಾತಿನ ‘ವಾಂಗಿ’ ಕೂಡ ಮರಾಠಿಯಿಂದ ಬಂದು ಮೈಸೂರಿನ ಅಡುಗೆಮನೆಯಲ್ಲಿ ನೆಲೆ ನಿಂತಿದೆ. ಪದಗಳು ಬರಲಿ. ನನಗೆ ಸಂಕಟವಾಗುವುದು, ಬಂದ ಒಂದು ಪದ ಇದ್ದ ಹತ್ತು ಹೆಸರುಗಳನ್ನು ನುಂಗಿಬಿಟ್ಟಾಗ.

ಉಡುಪಿಯ ಕಡೆಯವರನ್ನು ನೋಡಿ. ಮಟ್ಟು ಎಂಬ ಕಡಲಂಚಿನ ಊರಿನಲ್ಲಿ ಬೆಳೆಯುವ ದುಂಡನೆಯ, ತಿಳಿಹಸಿರು ಬದನೆಗೆ ಅವರು ಮಟ್ಟುಗುಳ್ಳ ಅನ್ನುತ್ತಾರೆ. ಸಿಪ್ಪೆ ತೆಳು, ಕಹಿ ಕಡಿಮೆ. ಇದರ ಬೀಜವನ್ನು ಸೋದೆ ಮಠದ ವಾದಿರಾಜರು ಕೊಟ್ಟರೆಂಬ ನಂಬಿಕೆ ಅಲ್ಲಿದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಅಂದರೆ ಬೇರೆ ಊರಿನ ಕಾಯಿಯನ್ನು ಈ ಹೆಸರಿನಲ್ಲಿ ಮಾರುವಂತಿಲ್ಲ. ಅದಕ್ಕೂ ಮೊದಲು, ಕುಲಾಂತರಿ ಬದನೆಯ ಮಾತು ಎದ್ದಾಗ ಕರಾವಳಿಯ ಬೆಳೆಗಾರರು ತಮ್ಮ ಗುಳ್ಳದ ಗತಿಯೇನೆಂದು ದನಿ ಎತ್ತಿದ್ದರು. ಕುಲಾಂತರಿ ಪ್ರಯೋಗಕ್ಕೆ ಆರಿಸಿದ ತಳಿಗಳಲ್ಲಿ ಮಾಲಾಪುರ, ಕುಡಚಿ, ಉಡುಪಿಯ ಹೆಸರು ಹೊತ್ತವೂ ಇದ್ದವು. ದೇಶದ ಹಲವೆಡೆ ಅಹವಾಲು ಕೇಳಿದ ಮೇಲೆ, 2010ರ ಫೆಬ್ರವರಿ 9ರಂದು ಕೇಂದ್ರದ ಪರಿಸರ ಸಚಿವ ಜೈರಾಂ ರಮೇಶ್ ಕುಲಾಂತರಿ ಬದನೆಗೆ ತಡೆ ಹಾಕಿದರು. ಕುಲಾಂತರಿ ಬೇಕೋ ಬೇಡವೋ ಎಂಬ ವಾದ ಇಲ್ಲಿ ಬೇಡ. ‘ಇದು ನಮ್ಮೂರಿನದು’ ಎಂದು ಎದ್ದು ನಿಂತು ಹೇಳಲು ಆ ರೈತರಿಗೆ ಒಂದು ಹೆಸರಿತ್ತು. ಬರೀ ಬ್ರಿಂಜಾಲ್ ಆಗಿದ್ದರೆ ಯಾವುದನ್ನು ತೋರಿಸಿ ನಮ್ಮದು ಅನ್ನುತ್ತಿದ್ದರು?

ಉತ್ತರ ಕರ್ನಾಟಕದ ಊರುಗಳಲ್ಲಿ ಬದನೆ ಅಂದರೆ ಮುಳಗಾಯಿ. ತೊಟ್ಟಿನ ಮುಳ್ಳು ಹೆಸರಿಗೇ ಹತ್ತಿದೆ. ಆ ಮುಳ್ಳು ಚುಚ್ಚುವಂತೆ ಗಟ್ಟಿಯಾಗಿದ್ದು, ತೊಟ್ಟು ಹಸಿರಾಗಿದ್ದರೆ ಕಾಯಿ ಎಳೆಯದು, ಆಗಷ್ಟೇ ಕೊಯ್ದದ್ದು ಎಂದು ಕೈಗೇ ಗೊತ್ತಾಗುತ್ತದೆ. ಅದನ್ನು ತೊಟ್ಟು ಬಿಡಿಸದೆ ನಾಲ್ಕಾಗಿ ಸೀಳಿ, ಶೇಂಗಾ, ಗುರೆಳ್ಳಿನ ಪುಡಿ ತುಂಬಿದರೆ ಎಣ್ಣೆಗಾಯಿ. ಜೋಳದ ರೊಟ್ಟಿಯ ಜೊತೆ ಉಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಉಣ್ಣದವರು ಈ ವಾರವೇ ಮಾಡಿ ನೋಡಿ. ಸೀಳಿದ ಕಾಯಿ ಕಪ್ಪಾಗದಂತೆ ಉಪ್ಪುನೀರಿನಲ್ಲಿ ಹಾಕಿಡುವುದನ್ನು ಮರೆಯಬೇಡಿ. ಮೈಸೂರಿನಲ್ಲಿರುವವರು ಅಲ್ಲಿಯ ಈರನಗೆರೆಯ ಹೆಸರು ಹೊತ್ತ ಬದನೆ ಸಿಕ್ಕರೆ ಬಿಡಬೇಡಿ.

ಸೀಮೆಬದನೆಯನ್ನು ಮಾತ್ರ ಈ ಕುಲಕ್ಕೆ ಸೇರಿಸಬೇಡಿ. ಅದು ಸೌತೆ, ಕುಂಬಳಗಳ ಬಳಗ. ಮೂಲ ಮೆಕ್ಸಿಕೊ ಕಡೆಯದು. ಹೊರಗಿನಿಂದ ಬಂತೆಂದು ನಾವು ‘ಸೀಮೆ’ ಹಚ್ಚಿದರೆ, ತಮಿಳರು ಅದನ್ನೇ ಬೆಂಗಳೂರು ಕತ್ತರಿಕ್ಕಾಯ್ ಅಂದರು.

ಇನ್ನು ಮಾತಿನೊಳಗಿನ ಬದನೆ. ಓದಿದ್ದು ಕೈಗೆ ಬಾರದಿದ್ದರೆ ಪುಸ್ತಕದ ಬದನೆಕಾಯಿ ಅನ್ನುತ್ತೇವೆ. ಮಡಿವಂತರಲ್ಲಿ ಕೆಲವರು ಬದನೆಯನ್ನು ವರ್ಜ್ಯ ಮಾಡಿದ್ದರಿಂದಲೇ ‘ಹೇಳೋದು ಆಚಾರ, ತಿನ್ನೋದು ಬದನೆಕಾಯಿ’ ಎಂಬ ಗಾದೆಗೆ ಮೊನಚು. ಆ ವರ್ಜ್ಯದ ಹಿನ್ನೆಲೆ ಗೊತ್ತಿಲ್ಲದವರಿಗೆ ಗಾದೆ ಅರ್ಧವೇ ತಿಳಿದೀತು. ಇವನ್ನು ಬಳಸಿ, ಮಕ್ಕಳೇ. ಆಫೀಸಿನಲ್ಲೂ ಬಳಸಿ, ಗೆಳೆಯರ ನಡುವೆಯೂ ಬಳಸಿ. ನಾಚಿಕೆ ಯಾಕೆ?

ಊರಿನಲ್ಲಿ ಅಜ್ಜಿಯೋ ದೊಡ್ಡಮ್ಮನೋ ಇದ್ದರೆ ಈ ಭಾನುವಾರವೇ ಫೋನ್ ಮಾಡಿ. ಹಿತ್ತಲಲ್ಲಿ ಯಾವ ಬದನೆ ಬೆಳೆಯುತ್ತಿದ್ದರು, ಏನೆಂದು ಕರೆಯುತ್ತಿದ್ದರು, ಯಾವುದು ಹುಳಿಗೆ, ಯಾವುದು ಸುಟ್ಟು ಗೊಜ್ಜಿಗೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಬೀಜ ಯಾರ ಮನೆಯಲ್ಲಿ ಉಳಿದಿದೆ ಎಂದೂ ಕೇಳಿ. ಸಿಕ್ಕರೆ ಬಾಲ್ಕನಿಯ ಕುಂಡದಲ್ಲಿ ಹಾಕಿ, ಒಂದೆರಡು ಕಾಯಿಯನ್ನು ಕೊಯ್ಯದೆ ಹಳದಿಯಾಗಿ ಹಣ್ಣಾಗಲು ಬಿಡಿ. ಮುಂದಿನ ವರ್ಷದ ಬೀಜ ಅದರಲ್ಲೇ ಸಿಗುತ್ತದೆ. ತೊಳೆದು, ನೆರಳಲ್ಲಿ ಒಣಗಿಸಿ, ಪೊಟ್ಟಣದ ಮೇಲೆ ಅಜ್ಜಿ ಹೇಳಿದ ಹೆಸರನ್ನೇ ಬರೆಯಿರಿ.