ಲಾಳ ಹೊಡೆಸುವ ಮುಂಚೆ

ಹಾಸನೂರಿನ ಜಡಿಮಳೆಗೂ ಚಳಿಗಾಲದ ಇಬ್ಬನಿಗೂ ಎತ್ತಿನ ಗೊರಸು ಮೆತ್ತಗಾಗುತ್ತದೆ. ಆದರೂ ಹೊಲಕ್ಕಷ್ಟೇ ಹೋಗುವ ಎತ್ತಿಗೆ ಲಾಳ ಬೇಕೇಬೇಕೆಂದಿಲ್ಲ. ಟಾರು ರಸ್ತೆಯಲ್ಲಿ ಗಾಡಿ ಎಳೆಯುವುದಕ್ಕೆ ಹೊಡೆಸಿ. ಕುದುರೆಗೆ ಕಾಲಿಗೊಂದು ಸಾಕು, ಎತ್ತಿನದು ಸೀಳು ಗೊರಸು, ನಾಲ್ಕು ಕಾಲಿಗೆ 8 ಬೇಕು. ಹೊಟ್ಟೆ ತುಂಬ ಮೇಯಿಸಿ ಎತ್ತನ್ನು ಲಾಳ ಹೊಡೆಸಲು ಕೆಡವಬೇಡಿ, ಉಬ್ಬರಿಸೀತು. ಕೆಡವುವ ಕಡೆ ಹುಲ್ಲು ಹಾಸಿ. ಮೊಳೆ ಗೊರಸಿನ ಹೊರಗೋಡೆಯಲ್ಲೇ ಹಾಯ್ದು ಹೊರಬರಬೇಕು. ಒಳಸರಿದರೆ ಜೀವವಿರುವ ಮಾಂಸಕ್ಕೆ ತಾಗುತ್ತದೆ. ಮರುದಿನ ಕುಂಟಿದರೆ, ಗೊರಸು ಬಿಸಿಯಾಗಿದ್ದರೆ ‘ರೂಢಿಯಾಗುತ್ತೆ ಬಿಡು’ ಅನ್ನುವವರ ಮಾತು ಕೇಳಬೇಡಿ. ಆ ಮೊಳೆ ಕೀಳಿಸಿ, ಪಶುವೈದ್ಯರಿಗೆ ತೋರಿಸಿ, ಧನುರ್ವಾಯು ಅಂಟಬಹುದು. ಲಾಳ ಸವೆಯದಿದ್ದರೂ ಗೊರಸು ತಿಂಗಳಿಗೆ ಸುಮಾರು 5 ಮಿಲಿಮೀಟರ್ ಬೆಳೆಯುತ್ತದೆ, ಆಗಾಗ ಬಿಚ್ಚಿಸಿ ಕೆತ್ತಿಸಿ. ಗೊರಸು ಮೆತ್ತಗಾಗದಿರಲು ಕೊಟ್ಟಿಗೆಯಲ್ಲಿ ಗಂಜಲ ನಿಲ್ಲದಂತೆ ನೋಡಿಕೊಳ್ಳಿ.