ಡ್ರೋನಿನ ರಿಮೋಟ್ ಬಿಚ್ಚುವ ಮುನ್ನ

ಮೆಕ್ಕೆಜೋಳ ಆಳೆತ್ತರ ಬೆಳೆದ ಮೇಲೆ ಹರಪನಹಳ್ಳಿ ಸೀಮೆಯ ಹೊಲಕ್ಕೆ ಪಂಪು ಬೆನ್ನಿಗೇರಿಸಿ ನುಗ್ಗುವುದು ಸುಲಭವಲ್ಲ. ಎಲೆಯಂಚು ಮೈ ಕೊಯ್ಯುತ್ತದೆ, ಹೊಡೆದ ಔಷಧಿ ಮುಖಕ್ಕೇ ಬಂದು ಬೀಳುತ್ತದೆ. ಹತ್ತು ಲೀಟರ್ ಟ್ಯಾಂಕಿನ ಡ್ರೋನ್ ಆ ಕಷ್ಟ ತಪ್ಪಿಸುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಯ ರೈತರಿಗೂ ಇದು ಬೇಕಾದ ಸಾಧನವೇ. ತಕರಾರು ಹುಟ್ಟುವುದು ಡ್ರೋನ್ ಹೊಲದ ಆಚೆ ಬದುವಿನ ಹತ್ತಿರ ಹೋಗಿ ಸಿಗ್ನಲ್ ತಪ್ಪಿದಾಗ. “ಇದರ ರೇಡಿಯೋ ತೆಗೆದು ಬೇರೆ ಹಾಕಿಸಿ, ಇನ್ನೂ ದೂರ ಹೋಗುತ್ತದೆ” ಎಂದು ಯಾರಾದರೂ ಹೇಳುತ್ತಾರೆ. ಬಿಡಿಭಾಗ ಆನ್‌ಲೈನ್‌ನಲ್ಲಿ ಸಿಗುತ್ತದೆ, ಕೂರಿಸುವ ಕೈಯೂ ಸಿಗುತ್ತದೆ. ಕೂರಿಸಿದ ಮೇಲೆ ಆ ಯಂತ್ರದ ಕಾಗದಪತ್ರಕ್ಕೆ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

2021ರ ಆಗಸ್ಟ್ 25ರಂದು ಜಾರಿಗೆ ಬಂದ ಡ್ರೋನ್ ನಿಯಮಗಳು ಔಷಧಿ ಹೊಡೆಯುವಂಥ ಯಂತ್ರಕ್ಕೆ ಮಾದರಿ ಪ್ರಮಾಣಪತ್ರ (ಟೈಪ್ ಸರ್ಟಿಫಿಕೇಟ್) ಬೇಕು ಎನ್ನುತ್ತವೆ. ಪರೀಕ್ಷೆ ನಡೆಯುವುದು ಇಡೀ ಯಂತ್ರಕ್ಕೆ, ಅದರ ರೇಡಿಯೋ ಸಂಪರ್ಕವನ್ನೂ ಸೇರಿಸಿ. ಸಿಗ್ನಲ್ ಕಡಿದರೆ ಡ್ರೋನ್ ತಾನಾಗಿ ಹೊರಟ ಜಾಗಕ್ಕೆ ಮರಳುತ್ತದೆಯೇ ಎಂದು ನೋಡುವುದೂ ಅದರಲ್ಲೇ. ಒಳಗಿನ ರೇಡಿಯೋ ಬದಲಾದರೆ ಪರೀಕ್ಷೆಯಲ್ಲಿ ಪಾಸಾದ ಯಂತ್ರ ಬೇರೆ, ನಿಮ್ಮ ಕೈಯಲ್ಲಿರುವ ಯಂತ್ರ ಬೇರೆ. ಪ್ರಮಾಣಪತ್ರಕ್ಕೆ ಹೊಂದದ ಡ್ರೋನನ್ನು ಹಾರಿಸುವಂತಿಲ್ಲ. ಮನುಷ್ಯರು ಕೂತು ಹಾರುವ ವಿಮಾನ, ಗ್ಲೈಡರ್‌ಗಳಿಗೆ ಅನುಮೋದನೆ ಇಲ್ಲದ ಉಪಕರಣ ಕೂರಿಸಬಾರದು ಎಂಬ ಹಳೆಯ ಶಿಸ್ತೇ ಹೊಲದ ಡ್ರೋನಿಗೂ ಬಂದಿದೆ.

ಇನ್ನೊಂದು ಗಂಟು ನೋಂದಣಿ ಸಂಖ್ಯೆಯಲ್ಲಿದೆ. ಡ್ರೋನಿಗೆ 100 ರೂಪಾಯಿ ಶುಲ್ಕಕ್ಕೆ ಸಿಗುವ ವಿಶಿಷ್ಟ ಗುರುತಿನ ಸಂಖ್ಯೆ, ನಾವು ಯುಐಎನ್ ಎನ್ನುವುದು, ಮೂರು ಸೀರಿಯಲ್ ನಂಬರುಗಳಿಗೆ ತಳಕು ಹಾಕಿಕೊಂಡಿರುತ್ತದೆ. ಡ್ರೋನಿನದು ಒಂದು, ಅದರ ಮಿದುಳಿನಂತಿರುವ ಹಾರಾಟ ನಿಯಂತ್ರಕದ್ದು ಇನ್ನೊಂದು, ನೆಲದ ಮೇಲೆ ನಿಮ್ಮ ಕೈಯಲ್ಲಿರುವ ರಿಮೋಟಿನದು ಮತ್ತೊಂದು. ನಿಯಂತ್ರಕವನ್ನಾಗಲಿ ರಿಮೋಟನ್ನಾಗಲಿ ಬದಲಿಸಿದರೆ ಹೊಸ ನಂಬರು ಸರ್ಕಾರದ ಆನ್‌ಲೈನ್ ಡ್ರೋನ್ ನೋಂದಣಿ ದಾಖಲೆಗೆ ಏರಲೇಬೇಕು. ಹೀಗಾಗಿ ರಿಪೇರಿಯನ್ನು ಕಂಪನಿ ಒಪ್ಪಿದ ಸರ್ವಿಸ್ ಕೇಂದ್ರದಲ್ಲೇ ಮಾಡಿಸಿ, ಬಿಲ್ಲಿನ ಮೇಲೆ ಹೊಸ ಸೀರಿಯಲ್ ನಂಬರು ಬರೆಸಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಡ್ರೋನ್ ಕೊಳ್ಳುವವರು ಹಣ ಕೊಡುವ ಮೊದಲೇ ಈ ಮೂರೂ ನಂಬರು ತಾಳೆ ನೋಡಿ, ಹೆಸರು ವರ್ಗಾವಣೆಯನ್ನೂ ಮಾಡಿಸಿಕೊಳ್ಳಬೇಕು. ನಿಯಮ ಮೀರಿದರೆ ದಂಡ 1 ಲಕ್ಷ ರೂಪಾಯಿವರೆಗೆ ಹೋಗಬಹುದು.

ರೇಡಿಯೋಗೆ ಬೇರೆಯೇ ಕಾನೂನೂ ಇದೆ. ಅಲೆಗಳು ಸರ್ಕಾರದ ಹತೋಟಿಯಲ್ಲಿವೆ. 2.4 ಗಿಗಾಹರ್ಟ್ಸ್‌ನಂಥ ಕೆಲವು ತರಂಗ ಪಟ್ಟಿಗಳಿಗೆ ಲೈಸೆನ್ಸ್ ಬೇಡ, ಆದರೆ ಅಲ್ಲೂ ಶಕ್ತಿಗೆ ಮಿತಿಯಿದೆ, ಸಾಧನಕ್ಕೆ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗದ ಇಟಿಎ ಎಂಬ ಅನುಮೋದನೆ ಬೇಕು. “ಲೈಸೆನ್ಸ್ ಬೇಡ” ಎಂಬ ಅರ್ಧ ಮಾತನ್ನಷ್ಟೇ ಹೇಳಿ ಹೆಚ್ಚು ಪವರ್ ಇರುವುದನ್ನು ಮಾರುವವರಿದ್ದಾರೆ. ಮಾರುವವನನ್ನು ಇಟಿಎ ಪತ್ರ ಕೇಳುವುದು ನಿಮ್ಮ ಹಕ್ಕು. ಆನ್‌ಲೈನ್ ಅಂಗಡಿಗಳಲ್ಲಿ ವಾಕಿಟಾಕಿ ಮುಂತಾದ ರೇಡಿಯೋ ಸಾಧನಗಳು ಹೀಗೆ ಮುಚ್ಚುಮರೆಯಲ್ಲಿ ಮಾರಾಟವಾಗುವುದನ್ನು ತಡೆಯಲೆಂದೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿ ಹೊರಡಿಸಿತು. ಮೋಸ ಹೋಗಿದ್ದರೆ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಲು ಎರಡು ವರ್ಷ ಕಾಲಾವಕಾಶವಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ.

ನನಗೆ ಹೆಚ್ಚು ಆತಂಕವಿರುವುದು ಸ್ತ್ರೀಶಕ್ತಿ, ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳ ಬಗ್ಗೆ. ಕೇಂದ್ರದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಸಂಘಕ್ಕೆ ಡ್ರೋನ್ ಬೆಲೆಯ ಶೇ. 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ಸಹಾಯಧನವಿದೆ. ಉಳಿದ ಹಣ ಸಂಘದ ಸಾಲ. ಡ್ರೋನಿಗೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಮೋಟಾರು ವಾಹನ ಕಾಯ್ದೆಯ ಅದೇ ಲೆಕ್ಕದಲ್ಲಿ. ಬದಲಾಯಿಸಿದ ಡ್ರೋನ್ ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದವರ ಮೇಲೆ ಬಿತ್ತೆಂದರೆ ವಿಮಾ ಕಂಪನಿಯವರು ಮೊದಲು ಕೇಳುವುದೇ ಪ್ರಮಾಣಪತ್ರ. ಅವರು ತಕರಾರು ಎತ್ತಿದರೆ ಪರಿಹಾರದ ಹೊರೆ ಸಂಘದ ತಲೆಯ ಮೇಲೆಯೇ ಬರಬಹುದು. ಬಾಡಿಗೆಗೆ ಕರೆಸುವ ರೈತರೂ ಯುಐಎನ್, ವಿಮೆ, ಪೈಲಟ್ ಪ್ರಮಾಣಪತ್ರ ಮೂರನ್ನೂ ಕೇಳಿ ನೋಡಬೇಕು. ಪೈಲಟ್ ಆಗಲು 18 ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಆಗಿರಬೇಕು. 2023ರಿಂದ ಇದಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ, ಮತದಾರರ ಗುರುತಿನ ಚೀಟಿ ಅಥವಾ ರೇಷನ್ ಕಾರ್ಡ್ ನಡೆಯುತ್ತದೆ.

ಹಾರಿಸುವ ಜಾಗದ ಬಗ್ಗೆಯೂ ಒಂದು ಮಾತು. ಸರ್ಕಾರದ ಡ್ರೋನ್ ನಕ್ಷೆ ಗುರುತಿಸಿದ ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಾಟಕ್ಕೆ ಪ್ರತ್ಯೇಕ ಅನುಮತಿ ಬೇಡ. ಆದರೆ ಕೂಡ್ಲಿಗಿಯ ಗುಡೇಕೋಟೆ ಕರಡಿಧಾಮ, 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಹಗರಿಬೊಮ್ಮನಹಳ್ಳಿಯ ಅಂಕಸಮುದ್ರ ಪಕ್ಷಿಧಾಮದ ಸುತ್ತ ಅರಣ್ಯ ಇಲಾಖೆಯನ್ನು ಕೇಳದೆ ಡ್ರೋನ್ ಎಬ್ಬಿಸಬೇಡಿ. ಕೊಟ್ಟೂರೇಶ್ವರನ ರಥೋತ್ಸವ, ಮೈಲಾರದ ಕಾರಣಿಕದಂಥ ಜನಸಂದಣಿಯ ದಿನಗಳಲ್ಲಿ ಪೊಲೀಸರು ತಾತ್ಕಾಲಿಕ ಕೆಂಪು ವಲಯ, ಅಂದರೆ ಅನುಮತಿಯಿಲ್ಲದೆ ಹಾರಿಸಬಾರದ ಜಾಗ, ಘೋಷಿಸಬಹುದು. ಹೊರಡುವ ಮುನ್ನ ಅವತ್ತಿನ ನಕ್ಷೆ ನೋಡಿ.

ಅಪಘಾತವಾದರೆ 48 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ವರದಿ ಮಾಡಬೇಕು. ಗಾಬರಿಯಲ್ಲಿ ಡ್ರೋನನ್ನು ಎತ್ತಿ ಒಳಗಿಟ್ಟು, ಹಳೆಯ ರೇಡಿಯೋ ಮತ್ತೆ ಕೂರಿಸಲು ಹೋಗಬೇಡಿ. ಬಿದ್ದ ಜಾಗದ ಫೋಟೋ ತೆಗೆದು, ಬಿಲ್ಲು, ವಿಮೆ, ಯುಐಎನ್ ಕಾಗದಗಳೊಂದಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. ಹೋಗಲಾಗದಿದ್ದರೆ 15100ಕ್ಕೆ ಕರೆ ಮಾಡಿ.